ಡಬ್ಬಿಯೊಳಗೆ ಜೀವ ಇದೆಯಾ? ಪ್ರೋಬಯಾಟಿಕ್ ಕ್ರೀಮ್ ಮತ್ತು ನಮ್ಮ ಚರ್ಮದ ತೇವದ ಗೋಡೆ

'ಪ್ರೋಬಯಾಟಿಕ್' ಅನ್ನೋ ಪದ ಮೊದಲು ಮೊಸರಿನ ಡಬ್ಬಿಗಳ ಮೇಲಿತ್ತು. ಈಗ ಅದು ಫೇಸ್ ಕ್ರೀಮ್, ಸೀರಮ್, ಬಾಡಿ ಲೋಷನ್‌ಗಳ ಮೇಲೂ ಬಂದು ಕೂತಿದೆ. "ಚರ್ಮದ ತೇವಾಂಶದ ಗೋಡೆಯನ್ನು ಒಳ್ಳೆಯ ಬ್ಯಾಕ್ಟೀರಿಯಾಗಳು ದುರಸ್ತಿ ಮಾಡುತ್ತವೆ" ಎಂಬುದು ಅದರ ಒಟ್ಟು ಭರವಸೆ. ಬೆಲೆ ಮಾತ್ರ ಸಾಮಾನ್ಯ ಗ್ಲಿಸರಿನ್ ಲೋಷನ್ನಿನ ಹಲವು ಪಟ್ಟು. ಹಾಸ್ಟೆಲ್ ಖರ್ಚಿನಲ್ಲಿ ಉಳಿಸಿ ಇಂಥದ್ದನ್ನ ಕೊಳ್ಳೋ ಗೆಳೆಯ ಗೆಳತಿಯರು ನಮ್ಮ ನಡುವೆ ಕಡಿಮೆ ಏನಿಲ್ಲ. ಹಾಗಾಗಿ ಈ ಸಂಚಿಕೆಯಲ್ಲಿ ಮೂರು ಪ್ರಶ್ನೆ ಹಾಕಿಕೊಳ್ಳೋಣ. ಆ ಗೋಡೆ ಅಂದ್ರೆ ಏನು? ಡಬ್ಬಿಯಲ್ಲಿ ನಿಜವಾಗಿ ಇರೋದೇನು? ಅದು ಕೆಲಸ ಮಾಡುತ್ತೆ ಅಂತ ಹೇಳೋಕೆ ಯಾವ ಅಳತೆ ಇದೆ?

ಜೀವಶಾಸ್ತ್ರವನ್ನು ಪಿಯುಸಿಗೇ ಬಿಟ್ಟು ಬಂದವರೂ ಹೆದರಬೇಕಿಲ್ಲ. ಇದರಲ್ಲಿ ಅರ್ಧ ಪಾಠ ನಮ್ಮದೇ: ವ್ಯಾಪನ, ಪ್ರತಿರೋಧ, ಧಾರಕತೆ, ಆಮೇಲೆ ಒಂದು ಒಳ್ಳೆಯ ಪ್ರಯೋಗದ ವಿನ್ಯಾಸ.

1. ಹಾಳೆಗಿಂತ ತೆಳುವಾದ ಗೋಡೆ

ಚರ್ಮದ ಅತಿ ಮೇಲಿನ ಪದರಕ್ಕೆ ಸ್ಟ್ರಾಟಮ್ ಕಾರ್ನಿಯಮ್ ಅಂತ ಹೆಸರು. ಕನ್ನಡದಲ್ಲಿ ಕೊಂಬುಪದರ ಎನ್ನಬಹುದು. ದೇಹದ ಬಹುತೇಕ ಕಡೆ ಅದರ ದಪ್ಪ 10ರಿಂದ 20 ಮೈಕ್ರೋಮೀಟರ್. ನಮ್ಮ ರೆಕಾರ್ಡ್ ಪುಸ್ತಕದ ಒಂದು ಹಾಳೆ ಸುಮಾರು 100 ಮೈಕ್ರೋಮೀಟರ್ ಅಂತಿಟ್ಟುಕೊಂಡರೆ, ಅದರ ಐದನೇ ಒಂದು ಭಾಗವೂ ಇಲ್ಲ. ಆದರೂ ಒಳಗಿನ ನೀರನ್ನು ಒಳಗೇ ಹಿಡಿದಿಡುವ ಕೆಲಸದ ಬಹುಪಾಲು ಇದರದ್ದೇ.

ಈ ಪದರದ ರಚನೆಯನ್ನು ವಿವರಿಸೋಕೆ ಪೀಟರ್ ಎಲಿಯಾಸ್ ಎಂಬ ಚರ್ಮವಿಜ್ಞಾನಿ ಕೊಟ್ಟ 'ಇಟ್ಟಿಗೆ ಮತ್ತು ಗಾರೆ'ಯ ಹೋಲಿಕೆಯನ್ನೇ ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಸತ್ತು ಚಪ್ಪಟೆಯಾದ ಕೋಶಗಳು ಇಟ್ಟಿಗೆ, ಅವುಗಳ ನಡುವೆ ತುಂಬಿರುವ ಕೊಬ್ಬಿನ ಪದರಗಳು ಗಾರೆ. ಈ ಗಾರೆಯಲ್ಲಿ ಮುಖ್ಯವಾಗಿ ಮೂರು ಸಾಮಗ್ರಿ: ಸೆರಮೈಡ್, ಕೊಲೆಸ್ಟರಾಲ್ ಮತ್ತು ಮೇದಾಮ್ಲಗಳು. ತೂಕದ ಲೆಕ್ಕದಲ್ಲಿ ಸೆರಮೈಡ್‌ಗಳೇ ಸುಮಾರು ಅರ್ಧ. ಸಿಮೆಂಟು, ಮರಳಿನ ಅನುಪಾತ ತಪ್ಪಿದರೆ ಗೋಡೆ ಸೋರುವ ಹಾಗೇ ಇಲ್ಲೂ ಅನುಪಾತ ತಪ್ಪಿದರೆ ನೀರು ಸೋರುತ್ತೆ.

ಇಟ್ಟಿಗೆಯ ಒಳಗೂ ಒಂದು ವ್ಯವಸ್ಥೆ ಇದೆ. ಫಿಲಾಗ್ರಿನ್ ಎಂಬ ಪ್ರೋಟೀನ್ ಒಡೆದು ಅಮೈನೋ ಆಮ್ಲಗಳಂಥ ಸಣ್ಣ ಅಣುಗಳಾಗುತ್ತದೆ. ಇವು, ಜೊತೆಗೆ ಲ್ಯಾಕ್ಟೇಟ್ ಮತ್ತು ಯೂರಿಯಾ, ನೀರನ್ನು ಹಿಡಿದುಕೊಳ್ಳುತ್ತವೆ. ಇವೆಲ್ಲವನ್ನೂ ಸೇರಿಸಿ 'ಸಹಜ ತೇವಕಾರಕಗಳು' ಅಂತಾರೆ. ಫಿಲಾಗ್ರಿನ್ ಜೀನ್‌ನ ದೋಷಕ್ಕೂ ಅಟೋಪಿಕ್ ಡರ್ಮಟೈಟಿಸ್ ಎಂಬ ಇಸುಬಿಗೂ ಬಲವಾದ ನಂಟಿದೆ ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ಮುಂದಾಗಿ ನಡೆಸಿದ ಸಂಶೋಧನೆ ತೋರಿಸಿತು. ಚರ್ಮ ಒಣಗೋದು ಬರೀ ಅಂದ ಚಂದದ ವಿಷಯ ಅಲ್ಲ ಅನ್ನೋದಕ್ಕೆ ಇದೊಂದು ಸಾಕ್ಷಿ. ಗೋಡೆ ಸೋರಿದರೆ ನೀರು ಹೊರಗೆ ಹೋಗುವುದರ ಜೊತೆಗೆ, ಹೊರಗಿನ ಸಾಬೂನು, ಧೂಳು, ರೋಗಾಣು ಒಳಗೂ ಬರುತ್ತವೆ. ಆಮೇಲೆ ಉರಿ, ತುರಿಕೆ, ಕೆರೆತ; ಕೆರೆದಷ್ಟೂ ಗೋಡೆ ಇನ್ನಷ್ಟು ಬಿರುಕು.

2. ಸೋರಿಕೆಯನ್ನು ಅಳೆಯೋದು ಹೇಗೆ?

ಬೆವರದೇ ಸುಮ್ಮನೆ ಕೂತಿದ್ದರೂ ಚರ್ಮದ ಮೂಲಕ ನೀರು ಆವಿಯಾಗಿ ಹೋಗ್ತಾನೇ ಇರುತ್ತೆ. ಇದು ಫಿಕ್‌ನ ನಿಯಮಕ್ಕೆ ಒಳಪಟ್ಟ ಸರಳ ವ್ಯಾಪನ: ವ್ಯಾಪನ ಗುಣಾಂಕವನ್ನು ಸಾಂದ್ರತೆಯ ವ್ಯತ್ಯಾಸದಿಂದ ಗುಣಿಸಿ, ದಪ್ಪದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ. ಆರೋಗ್ಯವಂತ ಮುಂಗೈಯಲ್ಲಿ ಇದು ಗಂಟೆಗೆ, ಚದರ ಮೀಟರಿಗೆ ಸಾಮಾನ್ಯವಾಗಿ 5ರಿಂದ 10 ಗ್ರಾಂ.

ಒಂದು ಸಣ್ಣ ಲೆಕ್ಕ ಮಾಡೋಣ. ವಯಸ್ಕರೊಬ್ಬರ ಚರ್ಮದ ವಿಸ್ತೀರ್ಣ ಸುಮಾರು 1.7 ಚದರ ಮೀಟರ್. ಸರಾಸರಿ ಸೋರಿಕೆ 8 ಗ್ರಾಂ ಅಂತ ತಗೊಂಡರೆ 8 × 1.7 × 24 = ಸುಮಾರು 326 ಗ್ರಾಂ. ಅಂದ್ರೆ ದಿನಕ್ಕೆ ಮೂರನೇ ಒಂದು ಲೀಟರಿನಷ್ಟು ನೀರು ನಮಗೆ ಗೊತ್ತೇ ಆಗದಂತೆ ಹೊರಟುಹೋಗುತ್ತೆ. ಗೋಡೆ ಕೆಟ್ಟಿರುವ ಜಾಗದಲ್ಲಿ ಇದು ಹಲವು ಪಟ್ಟು ಏರಬಹುದು.

ಇದನ್ನು ಅಳೆಯುವ ಉಪಕರಣದ ತತ್ವವನ್ನು ಸ್ವೀಡನ್ನಿನ ನಿಲ್ಸನ್ 1977ರಲ್ಲಿ ವಿವರಿಸಿದರು. ಎರಡೂ ತುದಿ ತೆರೆದ ಒಂದು ಪುಟ್ಟ ಕೊಳವೆಯನ್ನು ಚರ್ಮದ ಮೇಲೆ ಇಡುತ್ತಾರೆ. ಅದರೊಳಗೆ ಎರಡು ಬೇರೆ ಎತ್ತರಗಳಲ್ಲಿ ತೇವಾಂಶ ಮತ್ತು ಉಷ್ಣತೆಯ ಸಂವೇದಕಗಳಿರುತ್ತವೆ. ಎರಡರ ನಡುವಿನ ಆವಿಯ ಒತ್ತಡದ ವ್ಯತ್ಯಾಸದಿಂದ ಪ್ರವಾಹ ಲೆಕ್ಕ ಸಿಗುತ್ತದೆ. ಫ್ಯಾನಿನ ಗಾಳಿ, ಕೋಣೆಯ ಸೆಕೆ, ಆಗತಾನೆ ಮೆಟ್ಟಿಲು ಹತ್ತಿ ಬಂದ ಬೆವರು, ಎಲ್ಲವೂ ಓದನ್ನು ಕೆಡಿಸುತ್ತವೆ. ಅದಕ್ಕೇ ಅಳತೆಗೆ ಮುಂಚೆ ನಿಗದಿತ ಉಷ್ಣತೆಯ ಕೋಣೆಯಲ್ಲಿ ಹದಿನೈದಿಪ್ಪತ್ತು ನಿಮಿಷ ಕೂರಿಸುತ್ತಾರೆ.

ಇನ್ನೊಂದು ಅಳತೆ ಧಾರಕತೆಯದ್ದು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ ಸುಮಾರು 80. ಒಣ ಕೊಬ್ಬಿನದ್ದು ತೀರಾ ಕಡಿಮೆ. ಚರ್ಮದಲ್ಲಿ ನೀರು ಹೆಚ್ಚಿದ್ದರೆ ಧಾರಕತೆ ಹೆಚ್ಚುತ್ತದೆ. ಇಲ್ಲೊಂದು ಎಚ್ಚರಿಕೆ ಬೇಕು. ಗ್ಲಿಸರಿನ್‌ನ ಸ್ಥಿರಾಂಕವೂ 40ರ ಮೇಲಿದೆ. ಹಾಗಾಗಿ ಕ್ರೀಮ್ ಹಚ್ಚಿದ ತಕ್ಷಣ "ತೇವಾಂಶ ಇಷ್ಟು ಶೇಕಡಾ ಹೆಚ್ಚಿತು" ಅಂತ ಜಾಹೀರಾತು ಹೇಳಿದರೆ, ಆ ಉಪಕರಣ ಅಳೆದದ್ದು ಚರ್ಮವನ್ನೋ ಅಥವಾ ಮೇಲೆ ಕೂತ ಕ್ರೀಮನ್ನೋ ಅಂತ ಕೇಳಲೇಬೇಕು.

3. ಹುಳಿಯ ಹೊದಿಕೆ, ಅಲ್ಲಿನ ನಿವಾಸಿಗಳು

ಚರ್ಮದ ಮೇಲ್ಮೈಯ ಪಿಎಚ್ ಸುಮಾರು 4.5ರಿಂದ 5.5. ಅಂದ್ರೆ ಸ್ವಲ್ಪ ಹುಳಿ. ಇದನ್ನು 'ಆಮ್ಲದ ಹೊದಿಕೆ' ಅಂತ 1928ರಲ್ಲೇ ಷಾಡೆ ಮತ್ತು ಮಾರ್ಕಿಯೋನಿನಿ ಎಂಬ ಜರ್ಮನಿಯ ವೈದ್ಯರು ಕರೆದರು. ಗಾರೆಯ ಸೆರಮೈಡ್ ತಯಾರಿಸುವ ಕಿಣ್ವಗಳು ಈ ಹುಳಿಯಲ್ಲೇ ಚೆನ್ನಾಗಿ ಕೆಲಸ ಮಾಡೋದು. ಪಿಎಚ್ ಏರಿದರೆ ಅವು ಮಂಕಾಗಿ, ಇಟ್ಟಿಗೆಗಳ ಹಿಡಿತವನ್ನು ಕತ್ತರಿಸುವ ಬೇರೆ ಕಿಣ್ವಗಳು ಚುರುಕಾಗುತ್ತವೆ.

ನಾವು ಬಳಸುವ ಮಾಮೂಲಿ ಸಾಬೂನಿನ ಪಿಎಚ್ 9ರಿಂದ 10. ಪಿಎಚ್ ಲಾಗರಿದಮಿಕ್ ಅನ್ನೋದು ನೆನಪಿರಲಿ: 5ರಿಂದ 9ಕ್ಕೆ ಹೋದರೆ ಹೈಡ್ರೋಜನ್ ಅಯಾನುಗಳು 10 ಸಾವಿರ ಪಟ್ಟು ಕಡಿಮೆ. ಆರೋಗ್ಯವಂತ ಚರ್ಮ ಕೆಲವು ಗಂಟೆಗಳಲ್ಲಿ ಇದನ್ನು ಸರಿಮಾಡಿಕೊಳ್ಳುತ್ತೆ. ದಿನಕ್ಕೆ ನಾಲ್ಕೈದು ಸಲ ಉಜ್ಜಿ ಉಜ್ಜಿ ಮುಖ ತೊಳೆದರೆ ಪಾಪ, ಅದಕ್ಕೆ ಸಮಯವೇ ಸಿಗಲ್ಲ.

ಈ ಹುಳಿಯ ನೆಲದಲ್ಲಿ ಬ್ಯಾಕ್ಟೀರಿಯಾಗಳೂ ಸಂಸಾರ ಹೂಡಿವೆ. ಅವುಗಳಲ್ಲಿ ಸ್ಟ್ಯಾಫಿಲೋಕಾಕಸ್ ಎಪಿಡರ್ಮಿಡಿಸ್ ಎಂಬುದು ಸ್ಫಿಂಗೋಮಯಲಿನೇಸ್ ಎಂಬ ಕಿಣ್ವದ ಮೂಲಕ ಸೆರಮೈಡ್ ತಯಾರಿಕೆಗೆ ನೆರವಾಗಿ, ನೀರಿನ ನಷ್ಟ ತಗ್ಗಿಸುತ್ತದೆ ಅಂತ 2022ರಲ್ಲಿ ಪ್ರಕಟವಾದ ಒಂದು ಅಧ್ಯಯನ ತೋರಿಸಿತು. ಅಂದ್ರೆ ಗೋಡೆ ಕಟ್ಟುವ ಕೆಲಸದಲ್ಲಿ ಬಾಡಿಗೆದಾರರೂ ಕೈ ಹಾಕುತ್ತಾರೆ. 'ಬ್ಯಾಕ್ಟೀರಿಯಾದಿಂದ ಚರ್ಮಕ್ಕೆ ಒಳ್ಳೆಯದಾಗಬಹುದು' ಎಂಬ ಯೋಚನೆಗೆ ಆಧಾರ ಇರೋದು ಇಲ್ಲಿ. ಅದು ಬರೀ ಮಾರ್ಕೆಟಿಂಗ್ ಕಥೆ ಅಂತ ತಳ್ಳಿಹಾಕೋ ಹಾಗಿಲ್ಲ.

4. ಹೆಸರು ಪ್ರೋಬಯಾಟಿಕ್, ಒಳಗೆ ಇರೋದು ಬೇರೆ

ಈಗ ಡಬ್ಬಿ ತೆಗೆಯೋಣ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ವಿಶ್ವಸಂಸ್ಥೆಯ ಆಹಾರ, ಕೃಷಿ ಸಂಸ್ಥೆ 2001ರಲ್ಲಿ ಕೊಟ್ಟ ವ್ಯಾಖ್ಯೆಯ ಸಾರ ಇಷ್ಟು: ಸಾಕಷ್ಟು ಪ್ರಮಾಣದಲ್ಲಿ ಕೊಟ್ಟಾಗ ಆರೋಗ್ಯಕ್ಕೆ ಲಾಭ ತರುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್. 'ಜೀವಂತ' ಅನ್ನೋದು ಅಲ್ಲಿ ಅಲಂಕಾರ ಅಲ್ಲ, ಷರತ್ತು.

ಕ್ರೀಮಿನ ಕಥೆ ನೋಡಿ. ನೀರಿರುವ ಯಾವುದೇ ಕ್ರೀಮ್ ಕೆಡದಿರಲಿ ಅಂತ ಸಂರಕ್ಷಕ ಹಾಕ್ತಾರೆ. ಸಂರಕ್ಷಕದ ಕೆಲಸವೇ ಸೂಕ್ಷ್ಮಜೀವಿಗಳನ್ನು ಕೊಲ್ಲೋದು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಅಂತ ಅದು ವಿಚಾರಿಸಲ್ಲ. ಸೌಂದರ್ಯವರ್ಧಕಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 17516ರ ಪ್ರಕಾರ ಸಾಮಾನ್ಯ ಉತ್ಪನ್ನದ ಒಂದು ಗ್ರಾಂನಲ್ಲಿ ಬೆಳೆಯಬಲ್ಲ ಸೂಕ್ಷ್ಮಜೀವಿಗಳು 1000 ಮೀರಬಾರದು. ಕಣ್ಣಿನ ಸುತ್ತ ಹಚ್ಚುವುದರಲ್ಲಿ 100 ಮೀರಬಾರದು. ಅದೇ ಒಂದು ಗ್ರಾಂ ಒಳ್ಳೆಯ ಮೊಸರಿನಲ್ಲಿ ಕೋಟಿಗಟ್ಟಲೆ ಇರುತ್ತವೆ. ಶೀತಲ ಪೆಟ್ಟಿಗೆಯಲ್ಲೇ ಇಡಬೇಕಾದ ಅಥವಾ ನೀರೇ ಇಲ್ಲದ ರೂಪದ ಕೆಲವು ಜೀವಂತ ಉತ್ಪನ್ನಗಳು ಇವೆ, ಆದರೆ ಅವು ಅಪರೂಪ. ಕಪಾಟಿನಲ್ಲಿ ಎರಡು ವರ್ಷ ಕೂರುವ 'ಪ್ರೋಬಯಾಟಿಕ್' ಕ್ರೀಮಿನಲ್ಲಿ ಸಾಮಾನ್ಯವಾಗಿ ಜೀವ ಇಲ್ಲ.

ಹಾಗಾದ್ರೆ ಏನಿದೆ? ಹೆಚ್ಚಾಗಿ ಎರಡು ಬಗೆ. ಒಂದು ಲೈಸೇಟ್. ಬ್ಯಾಕ್ಟೀರಿಯಾವನ್ನು ಹುದುಗು ತೊಟ್ಟಿಯಲ್ಲಿ ಬೆಳೆಸಿ, ಬೇರ್ಪಡಿಸಿ, ಅಲ್ಟ್ರಾಸೌಂಡ್ ಅಥವಾ ಶಾಖದಂಥ ವಿಧಾನಗಳಿಂದ ಕೋಶಗಳನ್ನು ಒಡೆದು ತೆಗೆದ ಸಾರ. ಅದರಲ್ಲಿ ಕೋಶಭಿತ್ತಿಯ ಚೂರು, ಪ್ರೋಟೀನ್, ಸಕ್ಕರೆ, ನ್ಯೂಕ್ಲಿಯಿಕ್ ಆಮ್ಲ ಎಲ್ಲಾ ಇರುತ್ತೆ. ಲೇಬಲ್ ಮೇಲೆ ಕಾಣುವ ಬಿಫಿಡಾ ಫರ್ಮೆಂಟ್ ಲೈಸೇಟ್ ಈ ಜಾತಿ. ಇನ್ನೊಂದು ಫಿಲ್ಟ್ರೇಟ್, ಅಂದರೆ ಹುದುಗಿದ ಮೇಲೆ ಸೋಸಿ ತೆಗೆದ ದ್ರವ. ಗ್ಯಾಲಕ್ಟೋಮೈಸಿಸ್ ಫರ್ಮೆಂಟ್ ಫಿಲ್ಟ್ರೇಟ್ ಇದಕ್ಕೆ ಉದಾಹರಣೆ. ಅದು ಬ್ಯಾಕ್ಟೀರಿಯಾದ್ದೂ ಅಲ್ಲ, ಯೀಸ್ಟಿನದ್ದು.

ನಿರ್ಜೀವ ಸೂಕ್ಷ್ಮಜೀವಿ ಅಥವಾ ಅದರ ಭಾಗಗಳಿಂದ ಆರೋಗ್ಯಕ್ಕೆ ಲಾಭವಾದರೆ ಅದನ್ನು 'ಪೋಸ್ಟ್‌ಬಯಾಟಿಕ್' ಎನ್ನಬೇಕು ಅಂತ ಈ ಕ್ಷೇತ್ರದ ಅಂತರರಾಷ್ಟ್ರೀಯ ವಿಜ್ಞಾನಿಗಳ ಸಂಘ 2021ರಲ್ಲಿ ಸ್ಪಷ್ಟಪಡಿಸಿತು. ಲೈಸೇಟ್‌ಗೆ ಸರಿಹೊಂದುವ ಹೆಸರು ಅದೇ. ಕೋಶದ ಅಂಶವೇ ಇಲ್ಲದ ಬರೀ ಸೋಸಿದ ದ್ರವ ಆ ವ್ಯಾಖ್ಯೆಯೊಳಗೂ ಕೂರಲ್ಲ. ಹೆಸರು ತಪ್ಪಿದ ಮಾತ್ರಕ್ಕೆ ಪದಾರ್ಥ ಕೆಟ್ಟದ್ದು ಅಂತಲ್ಲ. ಸತ್ತ ಸಾರದಿಂದ ಸೋಂಕಿನ ಭಯ ಇಲ್ಲ, ಪ್ರಮಾಣ ಸ್ಥಿರವಾಗಿರುತ್ತೆ, ಇವು ಅನುಕೂಲಗಳೇ. ಆದರೆ "ಒಳ್ಳೆಯ ಬ್ಯಾಕ್ಟೀರಿಯಾ ನಿಮ್ಮ ಚರ್ಮದಲ್ಲಿ ನೆಲೆಸುತ್ತವೆ" ಅಂತ ಯಾರಾದರೂ ಹೇಳಿದರೆ, ಒಡೆದ ಕೋಶ ನೆಲೆಸೋದು ಹೇಗೆ ಅಂತ ಕೇಳಿ.

5. ಸಾಕ್ಷ್ಯದ ಮೆಟ್ಟಿಲುಗಳು

ಮೊದಲ ಮೆಟ್ಟಿಲು ಪ್ರಯೋಗಾಲಯದ ತಟ್ಟೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ತಟ್ಟೆಯಲ್ಲಿ ಬೆಳೆಸಿದ ಮಾನವ ಚರ್ಮಕೋಶಗಳ ಪದರದ ಮೇಲೆ ಲೈಸೇಟ್ ಹಾಕಿ ವಿದ್ಯುತ್ ಪ್ರತಿರೋಧ ಅಳೆದರು. ಕೋಶಗಳ ನಡುವಿನ ಬೆಸುಗೆ ಬಿಗಿಯಾದಷ್ಟೂ ಪ್ರತಿರೋಧ ಹೆಚ್ಚು. ಬಿಫಿಡೋಬ್ಯಾಕ್ಟೀರಿಯಮ್ ಲಾಂಗಮ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ತಳಿಯ ಸಾರಗಳಿಂದ ಪ್ರತಿರೋಧ ಏರಿತು. ಎಲ್ಲಾ ತಳಿಗಳೂ ಒಂದೇ ಥರ ಕೆಲಸ ಮಾಡಲಿಲ್ಲ. ಅಂದ್ರೆ 'ಪ್ರೋಬಯಾಟಿಕ್' ಅಂತ ಸಾರಾಸಗಟು ಹೇಳಿದರೆ ಸಾಲದು, ಯಾವ ತಳಿ ಅಂತ ಹೇಳಬೇಕು.

ಆದರೆ ತಟ್ಟೆಯ ಕೋಶಗಳ ಮೇಲೆ ಕೊಂಬುಪದರದ ಗೋಡೆ ಇಲ್ಲ. ನಮ್ಮ ಮುಖದ ಮೇಲೆ ಇದೆ. ಸುಮಾರು 500 ಡಾಲ್ಟನ್‌ಗಿಂತ ದೊಡ್ಡ ಅಣುಗಳು ಆರೋಗ್ಯವಂತ ಚರ್ಮವನ್ನು ದಾಟೋದು ಕಷ್ಟ ಅಂತ 2000ದಲ್ಲಿ ಬೋಸ್ ಮತ್ತು ಮೈನಾರ್ಡಿ ಮಂಡಿಸಿದ ಒಂದು ಅಂದಾಜು ನಿಯಮ ಇದೆ. ಲೈಸೇಟಿನ ಎಷ್ಟೋ ಚೂರುಗಳು ಅದಕ್ಕಿಂತ ತುಂಬಾ ದೊಡ್ಡವು. ಹಾಗಾಗಿ ತಟ್ಟೆಯ ಫಲಿತಾಂಶವನ್ನು ಹಾಗೇ ಮುಖಕ್ಕೆ ಎತ್ತಿಡೋಕೆ ಬರಲ್ಲ.

ಎರಡನೇ ಮೆಟ್ಟಿಲು ಸಣ್ಣ ಪ್ರಯೋಗ. ಇಟಲಿಯ ಸಂಶೋಧಕರು 1999ರಲ್ಲಿ, ಮೊಸರಿನ ಹೆಪ್ಪಿನಲ್ಲಿ ಬಳಸುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್‌ನ ಒಡೆದ ಕೋಶಗಳ ಕ್ರೀಮನ್ನು 17 ಆರೋಗ್ಯವಂತರ ಮುಂಗೈಗೆ 7 ದಿನ ಹಚ್ಚಿಸಿದರು. ಕೊಂಬುಪದರದ ಸೆರಮೈಡ್ ಹೆಚ್ಚಿತು. ಕಾರಣ ಬಹುಶಃ ಈ ಬ್ಯಾಕ್ಟೀರಿಯಾದಲ್ಲೂ ಇರುವ ಸ್ಫಿಂಗೋಮಯಲಿನೇಸ್ ಎಂದು ವಿವರಿಸಿದರು. ಯೋಚನೆ ಚೆನ್ನಾಗಿದೆ, ಜನ ಮಾತ್ರ ಕಡಿಮೆ.

ಮೂರನೇ ಮೆಟ್ಟಿಲು ಹೋಲಿಕೆಯ ಪ್ರಯೋಗ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೇಗ ಉರಿಯುವ ಸೂಕ್ಷ್ಮ ಚರ್ಮದ 66 ಮಹಿಳೆಯರು ಎರಡು ತಿಂಗಳು, ದಿನಕ್ಕೆರಡು ಸಲ ಕ್ರೀಮ್ ಹಚ್ಚಿದರು. ಅರ್ಧ ಜನರ ಕ್ರೀಮಿನಲ್ಲಿ ಬಿಫಿಡೋಬ್ಯಾಕ್ಟೀರಿಯಮ್ ಲಾಂಗಮ್ ಸಾರ 10 ಶೇಕಡಾ, ಉಳಿದವರದ್ದು ಬರೀ ಮೂಲ ಕ್ರೀಮ್. ಸಾರ ಇದ್ದ ಗುಂಪಿನಲ್ಲಿ ಚರ್ಮದ ಉರಿ ಸ್ವಭಾವ ಹೆಚ್ಚು ತಗ್ಗಿತು. ಇದನ್ನು ನಡೆಸಿದ ತಂಡದಲ್ಲಿ ಸೌಂದರ್ಯವರ್ಧಕ ಕಂಪನಿ ಲೊರಿಯಾಲ್‌ನ ವಿಜ್ಞಾನಿಗಳಿದ್ದರು ಅನ್ನೋದನ್ನೂ ಸೇರಿಸಿಯೇ ಓದಬೇಕು.

ನಮಗೆ ಅತ್ಯಂತ ಪಾಠ ಕಲಿಸಿದ್ದು ಅದೇ ಕಂಪನಿಯ ಸಂಶೋಧಕರಿದ್ದ 2008ರ ಅಧ್ಯಯನ. ವಿಟ್ರಿಯೋಸಿಲ್ಲಾ ಫಿಲಿಫಾರ್ಮಿಸ್ ಎಂಬ ಬ್ಯಾಕ್ಟೀರಿಯಾದ 5 ಶೇಕಡಾ ಲೈಸೇಟ್ ಕ್ರೀಮನ್ನು ಅಟೋಪಿಕ್ ಡರ್ಮಟೈಟಿಸ್ ಇರುವ 75 ಜನರಲ್ಲಿ, ಮೂಲ ಕ್ರೀಮಿಗೆ ಹೋಲಿಸಿ 30 ದಿನ ಪರೀಕ್ಷಿಸಿದರು. ಲೈಸೇಟ್ ಇದ್ದವರಲ್ಲಿ ಕಾಯಿಲೆಯ ತೀವ್ರತೆ ಮತ್ತು ತುರಿಕೆ ಹೆಚ್ಚು ಕಡಿಮೆಯಾದವು, ನಿದ್ದೆ ಸುಧಾರಿಸಿತು. ಆದರೆ ನೀರಿನ ನಷ್ಟ, ಅಂದ್ರೆ ಗೋಡೆಯ ಸೋರಿಕೆ, ಬರೀ ಮೂಲ ಕ್ರೀಮಿನಿಂದಲೂ ಗಣನೀಯವಾಗಿ ಸುಧಾರಿಸಿತ್ತು!

ಇದನ್ನು ಎರಡು ಸಲ ಓದಿ. ತುರಿಕೆ ತಣಿಸುವುದರಲ್ಲಿ ಬ್ಯಾಕ್ಟೀರಿಯಾದ ಸಾರಕ್ಕೆ ಪಾತ್ರ ಇರಬಹುದು. ಆದರೆ 'ತೇವದ ಗೋಡೆ'ಯ ದುರಸ್ತಿಯಲ್ಲಿ ಮೂಲ ಕ್ರೀಮ್ ತಾನೇ ದೊಡ್ಡ ಕೆಲಸ ಮಾಡುತ್ತೆ. ಲೇಬಲ್‌ನ ದಪ್ಪಕ್ಷರ ಪ್ರೋಬಯಾಟಿಕ್‌ಗೆ ಹೋಗಿರುತ್ತೆ, ದುಡಿಮೆ ಗ್ಲಿಸರಿನ್‌ನಂಥ ಬಡಪಾಯಿಯದ್ದಾಗಿರುತ್ತೆ. ಅದಕ್ಕೇ ಯಾವ ಹೇಳಿಕೆ ಕಂಡರೂ ಮೊದಲು ಕೇಳಬೇಕಾದ್ದು: "ಯಾವುದಕ್ಕೆ ಹೋಲಿಸಿ?" ಏನೂ ಹಚ್ಚದ ಚರ್ಮಕ್ಕೆ ಹೋಲಿಸಿದರೆ ಯಾವ ಕ್ರೀಮೂ ಗೆಲ್ಲುತ್ತೆ.

6. ಹಾಗಾದ್ರೆ ಮೊಸರೇ ಹಚ್ಚಿಕೊಳ್ಳಬಹುದಲ್ಲ?

ಈ ಪ್ರಶ್ನೆ ಬಂದೇ ಬರುತ್ತೆ. ಮೊಸರಿನಲ್ಲಿ ಲ್ಯಾಕ್ಟಿಕ್ ಆಮ್ಲ ಇದೆ, ಕೊಬ್ಬಿದೆ, ಹುಳಿಯೂ ಚರ್ಮದ ಹತ್ತಿರದ್ದೇ. ಹಚ್ಚಿದಾಗ ಚರ್ಮ ಮೆತ್ತಗೆ ಅನ್ನಿಸೋದು ಸುಳ್ಳಲ್ಲ. ಆದರೆ ಇಟಲಿಯ ಪ್ರಯೋಗದಲ್ಲಿ ಇದ್ದದ್ದು ಒಂದು ಗೊತ್ತಾದ ತಳಿಯ ಒಡೆದ ಕೋಶ, ಚರ್ಮದ ಮೇಲೆ ಉಳಿಯುವ ಕ್ರೀಮಿನ ರೂಪದಲ್ಲಿ. ನಾವು ಹಚ್ಚೋದು ಹೆಪ್ಪು ಬದಲಾದಂತೆ ಬದಲಾಗುವ ಮೊಸರು, ಕಾಲು ಗಂಟೆಯಲ್ಲಿ ತೊಳೆದುಬಿಡುತ್ತೇವೆ. ಎರಡನ್ನೂ ಒಂದೇ ಅನ್ನೋಕಾಗಲ್ಲ. ಇನ್ನೊಂದು ಮಾತು ಮುಖ್ಯ: ಒಡೆದ, ಇಸುಬಾದ, ಗಾಯವಿರುವ ಚರ್ಮದ ಮೇಲೆ ಆಹಾರ ಪದಾರ್ಥ ಹಚ್ಚೋದು ಬೇಡ. ಸೋರುವ ಗೋಡೆಯ ಮೂಲಕ ಆಹಾರದ ಪ್ರೋಟೀನ್ ಒಳಹೊಕ್ಕರೆ ಅಲರ್ಜಿ ಹುಟ್ಟಬಹುದು. ಮೊಸರು ಅನ್ನಕ್ಕಿರಲಿ.

7. ಲೇಬಲ್ ಓದುವ ಕಲೆ

ಭಾರತದ 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ, 1 ಶೇಕಡಾಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. 1 ಶೇಕಡಾ ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಆಮೇಲೆ ಯಾವ ಕ್ರಮದಲ್ಲಾದರೂ ಬರೆಯಬಹುದು. ಫಿನಾಕ್ಸಿಎಥನಾಲ್ ಎಂಬ ಸಂರಕ್ಷಕದ ಮಿತಿ 1 ಶೇಕಡಾ. ಹಾಗಾಗಿ ಪಟ್ಟಿಯಲ್ಲಿ ಅದರ ನಂತರ ಬಂದದ್ದೆಲ್ಲಾ 1 ಶೇಕಡಾ ದಾಟಿಲ್ಲ ಅಂತ ತಿಳಿಯಬಹುದು.

ಹೀಗೊಂದು ಪಟ್ಟಿ ಅಂದುಕೊಳ್ಳಿ: ನೀರು, ಗ್ಲಿಸರಿನ್, ಒಂದೆರಡು ಎಣ್ಣೆ, ಫಿನಾಕ್ಸಿಎಥನಾಲ್, ಸುಗಂಧ, ಬಿಫಿಡಾ ಫರ್ಮೆಂಟ್ ಲೈಸೇಟ್. ಅಧ್ಯಯನದಲ್ಲಿ ಇದ್ದದ್ದು 10 ಶೇಕಡಾ, ಇಲ್ಲಿರೋದು 1ರೊಳಗೆ. ಆ ಅಧ್ಯಯನದ ಫಲಿತಾಂಶ ಈ ಡಬ್ಬಿಗೆ ಸೇರಿದ್ದಲ್ಲ. ಉಲ್ಟಾ ಕೂಡ ನಿಜ: ಫರ್ಮೆಂಟ್ ಮೊದಲ ಸಾಲಿನಲ್ಲೇ ಇದ್ದರೂ ಹಿಗ್ಗಬೇಡಿ. ಆ ದ್ರವದಲ್ಲೂ ಬಹುಪಾಲು ನೀರೇ ಇರಬಹುದು.

ಈಗಾಗಲೇ ಕೊಂಡಿದ್ದರೆ ಒಂದು ಪುಟ್ಟ ಪ್ರಯೋಗ ಮಾಡಿ. ಆ ಕ್ರೀಮನ್ನೂ ಒಂದು ಸಾದಾ ಗ್ಲಿಸರಿನ್ ಕ್ರೀಮನ್ನೂ ಒಂದೇ ಥರದ ಎರಡು ಡಬ್ಬಿಗೆ ಹಾಕಿ, 'ಅ' ಮತ್ತು 'ಆ' ಅಂತ ಗೆಳೆಯರ ಕೈಲಿ ಬರೆಸಿ. ಯಾವುದು ಯಾವುದು ಅಂತ ಅವರಿಗೆ ಮಾತ್ರ ಗೊತ್ತಿರಲಿ. ಆರೋಗ್ಯವಾಗಿರುವ ಎರಡು ಮುಂಗೈಗೆ ಎರಡು ವಾರ ಹಚ್ಚಿ, ದಿನಾ ಒಣಗುವಿಕೆಗೆ ಅಂಕ ಕೊಡಿ. ಕೊನೆಗೆ ವ್ಯತ್ಯಾಸವೇ ಕಾಣದಿದ್ದರೆ ಮುಂದಿನ ತಿಂಗಳು ಏನು ಕೊಳ್ಳಬೇಕು ಅಂತ ನಿಮಗೇ ಗೊತ್ತಾಗುತ್ತೆ. ಉರಿ ಬಂದರೆ ತಕ್ಷಣ ನಿಲ್ಲಿಸಿ.

8. ಗೋಡೆಗೆ ಬೇಕಾದ್ದು

ಗೋಡೆಯ ಆರೈಕೆ ನಿಜಕ್ಕೂ ದುಬಾರಿ ಅಲ್ಲ. ಮುಖಕ್ಕೆ ಕ್ಷಾರ ಕಡಿಮೆಯಿರುವ ಸೌಮ್ಯ ಕ್ಲೆನ್ಸರ್ ಸಾಕು. ತೀರಾ ಬಿಸಿ ನೀರು ಬೇಡ. ಗಾರೆಯ ಕೊಬ್ಬು ತೊಳೆದುಹೋಗುತ್ತೆ. ಸ್ನಾನ ಮಾಡಿ ಒರೆಸಿಕೊಂಡು, ಇನ್ನೂ ಪಸೆ ಇರುವಾಗಲೇ ಮಾಯಿಶ್ಚರೈಸರ್ ಹಚ್ಚಿ. ಅದರಲ್ಲಿ ನೀರು ಹಿಡಿಯುವ ಗ್ಲಿಸರಿನ್, ಆವಿಯನ್ನು ತಡೆಯುವ ಪೆಟ್ರೋಲಿಯಂ ಜೆಲ್ಲಿ ಅಥವಾ ಎಣ್ಣೆಯಂಥದ್ದು ಇರಲಿ. ಸೆರಮೈಡ್ ಇದ್ದರೆ ಒಳ್ಳೆಯದು. ಬೀದರ್, ಕಲಬುರಗಿ ಕಡೆಯ ಚಳಿಗಾಲದ ಒಣಗಾಳಿಯಲ್ಲಿ ಬೆಳೆದವರಿಗೆ ಇದರ ಅಗತ್ಯ ಬೇರೆ ಹೇಳಬೇಕಿಲ್ಲ. ಒರಟು ಸ್ಕ್ರಬ್, ನಿಂಬೆರಸ, ಅಡುಗೆ ಸೋಡಾ ಬಿಟ್ಟುಬಿಡಿ.

ಒಂದು ವಿಷಯದಲ್ಲಿ ಮಾತ್ರ ನಾವು ಕಟುವಾಗಿ ಹೇಳುತ್ತೇವೆ. ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಸ್ಟಿರಾಯ್ಡ್ ಮಿಶ್ರಿತ ಕ್ರೀಮನ್ನು ಬಿಳಿಯಾಗೋಕೆ, ಮೊಡವೆಗೆ ಅಂತ ತಿಂಗಳುಗಟ್ಟಲೆ ಹಚ್ಚಬೇಡಿ. ಅದು ಚರ್ಮವನ್ನೇ ತೆಳುವಾಗಿಸುತ್ತದೆ. ಆಮೇಲೆ ಯಾವ ಲೈಸೇಟೂ ಆ ಗೋಡೆಯನ್ನು ಎತ್ತಿ ನಿಲ್ಲಿಸಲ್ಲ. ತುರಿಕೆ, ಬಿರುಕು, ಕೆಂಪು ವಾರಗಟ್ಟಲೆ ಉಳಿದರೆ ಚರ್ಮರೋಗ ತಜ್ಞರನ್ನೇ ಕಾಣಿ.

ಬ್ಯಾಕ್ಟೀರಿಯಾದ ಸಾರಗಳ ಸಂಶೋಧನೆ ಇನ್ನೂ ಬೆಳೆಯುತ್ತಿದೆ, ಅದರಲ್ಲಿ ಸತ್ವವೂ ಇದೆ. ಸರಿಯಾದ ತಳಿ, ಸರಿಯಾದ ಪ್ರಮಾಣ, ಸರಿಯಾದ ಹೋಲಿಕೆ ಮೂರೂ ಸೇರಿದ ದಿನ ನಾವೂ ಖುಷಿಯಾಗಿ ಕೊಳ್ಳೋಣ. ಅಲ್ಲಿವರೆಗೂ ಡಬ್ಬಿಯ ಮುಂಭಾಗ ಓದಿ ಮರುಳಾಗೋದು ಬೇಡ. ತಿರುಗಿಸಿ, ಹಿಂಭಾಗದ ಸಣ್ಣಕ್ಷರ ಓದಿ.